ಮೇಜಿನ ಆಚೆ ಬದಿ

ಜಾಹೀರಾತನ್ನು ಸೂರ್ಯಕಾಂತನಿಗಿಂತ ಮೊದಲು ಮಹಾರುದ್ರಪ್ಪ ಓದಿದ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಮಹಾರುದ್ರಪ್ಪ ಅಂಚೆ ಕಚೇರಿಯಿಂದ ನಿವೃತ್ತನಾದವನು. ಹುಮನಾಬಾದಿನಲ್ಲಿ ಅವರಿಬ್ಬರೂ ಇದ್ದ ಗಲ್ಲಿಯ ಮೂಲೆಯ ಹೋಟೆಲಿನಲ್ಲಿ ಕುಳಿತು ಪೇಪರನ್ನು ತಲೆಬರಹದಿಂದ ಹಿಡಿದು ಕೊನೆಯ ಪುಟದ ತಳದಲ್ಲಿರುವ ಮುದ್ರಕರ ಹೆಸರಿನವರೆಗೆ ಗಟ್ಟಿಯಾಗಿ ಓದುವುದು ಈಗ ಅವನಿಗೆ ಉಳಿದಿದ್ದ ಒಂದೇ ಕೆಲಸ. ಆ ದಿನ ಅವನು, ಬಸವಕಲ್ಯಾಣದ ತೊಗರಿ ಬೆಳೆಗಾರರ ಸಹಕಾರಿ ಸಂಘ ಹೊಸದಾಗಿ ಕಂಪ್ಯೂಟರ್ ತರಿಸಿದೆಯೆಂದೂ ಅದಕ್ಕೊಬ್ಬ ಪ್ರೋಗ್ರಾಮರ್ ಬೇಕೆಂದೂ ಓದಿದ. ಓದಿ, ಬಸಿಯಲ್ಲಿದ್ದ ಚಹಾ ಹೀರಿ, "ಇದು ನಮ್ಮ ಸೂರ್ಯಕಾಂತನ ಅಳತಿಗೇ ಹೊಲಿದ ಅಂಗಿ ಅದ" ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದ್ರ ನಮ್ಮ ಬಂಡೆಪ್ಪನೂ ಒಂದು ಅರ್ಜಿ ಒಗೀಲಿ. ಹೋದ್ರ ಒಂದು ಟಪಾಲಿನ ಖರ್ಚು" ಎಂದು ಸೇರಿಸಿದ. ಬಂಡೆಪ್ಪ ಅವನ ಮಗ. ಟೈಪಿಂಗ್ ಪರೀಕ್ಷೆ ಪಾಸಾಗಿ ಕುಳಿತಿದ್ದ. ಸೂರ್ಯಕಾಂತನ ಕಿವಿಗೆ ಸುದ್ದಿ ಬೀಳುವ ಹೊತ್ತಿಗೆ ಗಲ್ಲಿಯಲ್ಲಿ ಸಹಿ ಮಾಡಲು ಬರುವ ನಿರುದ್ಯೋಗಿಗಳೆಲ್ಲ ಅರ್ಜಿ ಹಾಕಿ ಮುಗಿಸಿದ್ದರು.

ಸೂರ್ಯಕಾಂತನಿಗೆ ಮೈಯೆಲ್ಲ ಉರಿಯಿತು. ಉರಿಯಲು ಕಾರಣವಿತ್ತು. ಅವನು ದುಬಲಗುಂಡಿಯ ಒಕ್ಕಲು ಮನೆತನದವನು. ಗಣಿತದಲ್ಲಿ ಪದವಿ ಪಡೆದು ಮುಂಬಯಿಗೆ ಹೋಗಿ, ಒಂದು ಬಟ್ಟೆ ಗಿರಣಿಯ ಕಂಪ್ಯೂಟರ್ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದಿದ್ದ. ಕೋಣೆ ತುಂಬುವಷ್ಟು ದೊಡ್ಡ ಯಂತ್ರ. ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಅದಕ್ಕೆ ಮಾತು ತಿಳಿಸಬೇಕಿತ್ತು. ಸಾವಿರಾರು ಕಾರ್ಮಿಕರ ಪಗಾರದ ಲೆಕ್ಕವನ್ನು ಆ ಯಂತ್ರ ಮಾಡುತ್ತಿದ್ದದ್ದು ಸೂರ್ಯಕಾಂತ ಬರೆದ ಆಜ್ಞೆಗಳ ಪ್ರಕಾರ. ಮುಷ್ಕರದ ಕಾಲದಲ್ಲಿ ಗಿರಣಿ ಮುಚ್ಚಿತು. ಯಂತ್ರವನ್ನು ಗುಜರಿಯವನು ತೂಕಕ್ಕೆ ಕೊಂಡುಹೋದ. ಸೂರ್ಯಕಾಂತನನ್ನು ತೂಕಕ್ಕೂ ಯಾರೂ ಕೇಳಲಿಲ್ಲವಾದ್ದರಿಂದ ಹೆಂಡತಿ ಯಶೋದಾಬಾಯಿಯನ್ನು ಕರೆದುಕೊಂಡು ಹುಮನಾಬಾದಿಗೆ ಬಂದು ಬಾಡಿಗೆ ಮನೆ ಹಿಡಿದ.

ಆಮೇಲೆ ಹೈದರಾಬಾದು, ಪುಣೆ, ಬೆಂಗಳೂರು ಎಂದು ಇಂಟರ್ವ್ಯೂಗಳಿಗೆ ತಿರುಗಿದ್ದೇ ತಿರುಗಿದ್ದು. ಒಂದು ಕಂಪನಿ, "ನಿಮ್ಮ ಅನುಭವ ಹಳೇ ಯಂತ್ರದ್ದು" ಅಂದಿತು. ಇನ್ನೊಂದು, "ನಿಮ್ಮ ಅನುಭವ ಜಾಸ್ತಿಯಾಯಿತು, ನಮ್ಮ ಮ್ಯಾನೇಜರಿಗೇ ಅಷ್ಟಿಲ್ಲ" ಅಂದಿತು. ಮತ್ತೊಂದು ಕಡೆ, ಮೀಸೆ ಆಗತಾನೇ ಮೂಡುತ್ತಿದ್ದ ಅಧಿಕಾರಿಯೊಬ್ಬ ಅವನ ಅರ್ಜಿಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟು, ಮುಖ ಕೂಡ ನೋಡದೆ "ಮುಂದಿನವರು" ಅಂದಿದ್ದ. ತಂದೆಯ ಹೆಸರು, ಎತ್ತರ, ಹವ್ಯಾಸ, ಮಾಂಸಾಹಾರಿಯೋ ಸಸ್ಯಾಹಾರಿಯೋ, ಎಲ್ಲವನ್ನೂ ಕೇಳಿದ್ದರು. ಕೆಲಸ ಬರುತ್ತದೆಯೇ ಎಂದು ಮಾತ್ರ ಒಬ್ಬನೂ ಕೇಳಿರಲಿಲ್ಲ.

ಊರಿನವರದು ಇನ್ನೊಂದು ತರಹ. ಕಂಪ್ಯೂಟರಿನೊಳಗೆ ವೈರು ಇರುತ್ತದೆ, ರೇಡಿಯೋದೊಳಗೂ ವೈರು ಇರುತ್ತದೆ; ಆದ್ದರಿಂದ ಸೂರ್ಯಕಾಂತ ರೇಡಿಯೋ ರಿಪೇರಿ ಮಾಡಬೇಕು ಎಂಬುದು ಅವರ ತರ್ಕ. ಮಾಣಿಕನಗರದ ಅಂಗಡಿಕಾರನೊಬ್ಬ ಸತ್ತುಹೋದ ಟೇಪ್ ರೆಕಾರ್ಡರನ್ನು ಆಟೋದಲ್ಲಿ ತಂದು ಜಗುಲಿಯ ಮೇಲಿಟ್ಟು, "ಇಷ್ಟು ಓದೀರಿ, ಇಷ್ಟೂ ಆಗಂಗಿಲ್ಲಂದ್ರ ಹ್ಯಾಂಗ್ರಿ" ಎಂದು ಬೇಸರಪಟ್ಟುಕೊಂಡು ಹೋಗಿದ್ದ.

ಸೂರ್ಯಕಾಂತನೂ ಅರ್ಜಿ ಹಾಕಿದ; ಸೋಮವಾರ ಇಂಟರ್ವ್ಯೂ ಎಂದು ಕಾಗದವೂ ಬಂತು. ಇನ್ನು ಕಾಯುವಂತಿರಲಿಲ್ಲ. ಮಂಠಾಳದಲ್ಲಿ ಕಾಳುಕಡಿ ಅಂಗಡಿ ಇಟ್ಟಿದ್ದ ಯಶೋದಾಬಾಯಿಯ ಅಣ್ಣ ಬಂದು ಕಡೆಯ ಮಾತು ಆಡಿದ್ದ: "ಸೋಮವಾರದ್ದು ನೋಡ್ರಿ. ಅದೂ ಆಗಲಿಲ್ಲಂದ್ರ ಮಂಗಳವಾರ ಬಂದು ನನ್ನ ಅಂಗಡ್ಯಾಗ ತಕ್ಕಡಿ ಹಿಡೀರಿ. ಬೇಕಾರ್ ಕುಂತ್ರ ಮನಶ್ಯಾಗ ಹುಳ ಬೀಳ್ತಾವ." ಸೂರ್ಯಕಾಂತ ಹೂಂ ಅಂದಿದ್ದ. ಅಂದಿನಿಂದ ಮಂಠಾಳದ ಬಸ್ಸಿನ ಬೋರ್ಡು ಕಂಡರೂ ಅವನಿಗೆ ಎದೆ ಉರಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಯಾರ ಕಣ್ಣಿಗೂ ಬೀಳದೆ ಬಸ್ಸು ಹಿಡಿಯಬೇಕೆಂದು ಬಾಗಿಲು ತೆರೆದರೆ, ಅರ್ಧ ಗಲ್ಲಿ ಅವನ ಜಗುಲಿಯ ಮೇಲಿತ್ತು.

"ಬರ್ರಿ, ನಿಮ್ಮ ಹಾದಿನೇ ಕಾಯಾಕತ್ತೇವಿ" ಅಂದ ಮಹಾರುದ್ರಪ್ಪ. "ಬಂಡೆಪ್ಪಗೂ ಕಾಗದ ಬಂದದ. ನಿಮ್ಮ ಜೋಡಿ ಬರ್ತಾನ. ಬಸ್ಸಿನ್ಯಾಗ ಹೋಗ್ತ ಹೋಗ್ತ ಕಂಪ್ಯೂಟರ್ ಅಂದ್ರ ಏನು ಅನ್ನೂದು ಜರಾ ಹೇಳಿಬಿಡ್ರಿ."

"ಬಸ್ಸಿನ್ಯಾಗ?"

"ಎಕ್ಸ್‌ಪ್ರೆಸ್ ಬ್ಯಾಡ. ಎಲ್ಲಾ ಕಡಿ ನಿಲ್ಲೂ ಬಸ್ಸಿಗೆ ಹತ್ತರಿ. ಪೂರಾ ಕಲಿಯೂದಾಗ್ತದ."

ಅಷ್ಟರಲ್ಲಿ ಪಕ್ಕದ ಮನೆಯ ವಜೀರಬಿ ಮಗಳು ತಾಹೇರಾಳನ್ನು ಮುಂದೆ ಮಾಡಿಕೊಂಡು ಬಂದಳು. "ಬೇಟಾ ಸೂರ್ಯಕಾಂತ, ಈಕಿಗೂ ಕರದಾರ. ಗುಲ್ಬರ್ಗಾದಾಗ ಬಿ.ಎಸ್‌ಸಿ. ಮಾಡ್ಯಾಳ, ಕಂಪ್ಯೂಟರ್ ಕ್ಲಾಸಿಗೂ ಹೋಗ್ಯಾಳ. ಒಬ್ಬಾಕಿನ್ನೇ ಕಳಸಾಕ ಜೀವ ಒಲ್ಲದು. ನೀ ಇದ್ದೀ ಅಂತ ಧೈರ್ಯ" ಅಂದಳು. ಅಂದವಳೇ ಪ್ರಯಾಣಕ್ಕೆ ಹೊರಟವರಿಗೆ ಕಟ್ಟುವ ನಾಣ್ಯದ ಬಟ್ಟೆಯನ್ನು ಮಗಳ ತೋಳಿಗೆ ಕಟ್ಟಿ, ಇನ್ನೊಂದನ್ನು ಸೂರ್ಯಕಾಂತನ ತೋಳಿಗೂ ಬಿಗಿದಳು. ಇಸ್ತ್ರಿ ಮಾಡಿದ ಅಂಗಿಯ ತೋಳು ಮುದುಡಿತು. ತಾನು ಹೊರಟಿರುವ ಒಂದೇ ನೌಕರಿಗೆ ಇನ್ನಿಬ್ಬರನ್ನು ಕೈಹಿಡಿದು ಕರೆದೊಯ್ಯುವ ಪಾಳಿ ಬಂತಲ್ಲ ಎಂದು ಸೂರ್ಯಕಾಂತ ಹಲ್ಲು ಕಡಿದ.

ಬಾಗಿಲಲ್ಲಿ ನಿಂತ ಯಶೋದಾಬಾಯಿ ಮೆಲ್ಲಗೆ ಕೇಳಿದಳು: "ಏನ್ರಿ, ಅಣ್ಣಗ ಏನಂತ ಹೇಳಿ ಕಳಸಲಿ?"

"ಸಂಜಿತನಕ ಏನೂ ಹೇಳಬ್ಯಾಡ" ಅಂದ ಸೂರ್ಯಕಾಂತ.

ಬಸ್ಸಿನಲ್ಲಿ ತಾಹೇರಾ ಮುಂದಿನ ಸೀಟಿನಲ್ಲಿ ಕುಳಿತು ಪುಸ್ತಕ ತೆರೆದಳು. ಬಂಡೆಪ್ಪ ಸೂರ್ಯಕಾಂತನ ಪಕ್ಕ ಕುಳಿತು ಬಾಯಿ ತೆರೆದ.

"ಅಣ್ಣಾ, ಅದರಾಗ ಏನು ಹಾಕಿದ್ರೂ ನೆನಪಿಟ್ಕೊಂತದಂತ, ಖರೇನಾ?"

"ಖರೇ."

"ಬುದ್ಧಿನೂ ಇರ್ತದೇನು?"

"ಇಲ್ಲ. ನೆನಪಷ್ಟೇ. ಬುದ್ಧಿ ಇರಂಗಿಲ್ಲ."

ಬಂಡೆಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ನಮ್ಮಪ್ಪನ ಗತೆ" ಅಂದ.

ಸಂಘದ ಕಚೇರಿ ಹಳೆಯ ಗೋದಾಮಿನಲ್ಲಿತ್ತು. ಮೂಗಿಗೆ ತೊಗರಿ ಹೊಟ್ಟಿನ ಧೂಳು ಅಡರುತ್ತಿತ್ತು. ಒಂದು ಮೂಲೆಯಲ್ಲಿ ಹೊಸದಾಗಿ ಗಾಜಿನ ಕೋಣೆ ಕಟ್ಟಿ, ಅದಕ್ಕೆ ಮಾತ್ರ ತಂಪು ಗಾಳಿಯ ಯಂತ್ರ ಕೂಡಿಸಿದ್ದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಕಂಪ್ಯೂಟರು ಕಸೂತಿ ಹಾಕಿದ ಬಟ್ಟೆ ಹೊದ್ದು, ಮದುವೆಯ ಊಟದಲ್ಲಿ ಸಿಟ್ಟಾಗಿ ಗೋಡೆ ಕಡೆ ಮುಖ ಮಾಡಿ ಕುಳಿತ ಬೀಗಿತ್ತಿಯಂತೆ ಕಾಣುತ್ತಿತ್ತು. ಅದರ ಹಣೆಗೆ ಕುಂಕುಮ ಹಚ್ಚಿದ್ದರು. ಬಂದಾಗಿನಿಂದ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ.

ಉಮೇದವಾರರು ಹತ್ತು ಹನ್ನೆರಡು ಮಂದಿ ಬೆಂಚಿನ ಮೇಲಿದ್ದರು. ಪ್ರಶ್ನೆ ಕೇಳಲು ಹೈದರಾಬಾದಿನಿಂದ ಬರಬೇಕಿದ್ದ ತಜ್ಞರು ಬಂದಿರಲಿಲ್ಲ, ಜ್ವರವಂತೆ. ಆದರೂ ಇಂಟರ್ವ್ಯೂ ನಡೆಯಲಿ ಎಂದು ಅಧ್ಯಕ್ಷ ಸಂಗಪ್ಪ ಸಾವಕಾರರು ಹೇಳಿದರಂತೆ. ಮೊದಲ ಹೆಸರು ಸೂರ್ಯಕಾಂತನದೇ ಬಂತು.

ಪಕ್ಕದ ಕೋಣೆಗೂ ಚಪ್ಪಲಿ ಬಿಟ್ಟೇ ಹೋಗಬೇಕು; ಅಲ್ಲಿ ಉದ್ದನೆಯ ಮೇಜಿನ ಆಚೆಗೆ ಸಂಗಪ್ಪ ಸಾವಕಾರರು ನಡುವೆ ಕುಳಿತಿದ್ದರು. ಬಿಳಿ ಟೋಪಿ, ತಾಂಬೂಲದ ಬಾಯಿ, ನಿದ್ದೆಗಣ್ಣು. ಬಲಕ್ಕೆ ಕಾರ್ಯದರ್ಶಿ ತುಳಜಾರಾಮ. ಎಡಕ್ಕೆ ತಲೆಗೆ ಪಟಗ ಸುತ್ತಿದ ಮೂವರು ನಿರ್ದೇಶಕರು. ಈಚೆಗೆ ಒಂದು ಕಬ್ಬಿಣದ ಕುರ್ಚಿ.

"ಟೈಪಿಂಗ್ ಸ್ಪೀಡ್ ಎಷ್ಟು?" ಎಂದು ತುಳಜಾರಾಮ ಶುರು ಮಾಡಿದ.

"ಇದು ಟೈಪಿಂಗ್ ಕೆಲಸ ಅಲ್ರಿ. ಪ್ರೋಗ್ರಾಂ ಬರೆಯೋದು."

"ಗುಂಡಿ ಟೈಪರೈಟರಿನ ಗುಂಡೀನೇ ಅವ ಅಲ್ಲೇನ್ರಿ? ನಾನೇ ಪ್ಯಾಕಿಂಗ್ ಬಿಚ್ಚೀನಿ."

ಒಬ್ಬ ನಿರ್ದೇಶಕ ಮುಂದೆ ಬಾಗಿ, "ಇದರಾಗ ದಿಲ್ಲಿ ಹತ್ತತದೇನ್ರಿ?" ಎಂದು ಕೇಳಿದ.

"ಇದು ಟಿ.ವಿ. ಅಲ್ರಿ."

"ಮಾರಿ ಟಿ.ವಿ.ದೇ ಅದಲ್ರಿ."

ಸೂರ್ಯಕಾಂತ ಉಗುಳು ನುಂಗಿದ. ಅದರ ಜೊತೆ ಎಷ್ಟೋ ಊರುಗಳ ಎಷ್ಟೋ ಮೇಜುಗಳ ಮುಂದೆ ನುಂಗಿದ್ದೆಲ್ಲ ಗಂಟಲಿಗೆ ಬಂದು ಕುಳಿತಿತ್ತು.

"ಹೋಗ್ಲಿ" ಅಂದ ತುಳಜಾರಾಮ. "ಇದೇ ಮಾಡೆಲ್ಲಿನ ಮ್ಯಾಲ ಐದು ವರ್ಷದ ಅನುಭವ ಬೇಕಂತ ಜಾಹೀರಾತಿನ್ಯಾಗ ಹಾಕೀವಿ. ನಿಮಗ ಅದ ಏನು?"

ಗಂಟಲಲ್ಲಿ ಕುಳಿತಿದ್ದದ್ದು ಹೊರಗೆ ಬಂತು.

"ನನಗ ಇಲ್ಲ. ನಿಮಗೂ ಇಲ್ಲ. ಜಗತ್ತಿನ್ಯಾಗ ಯಾರಿಗೂ ಇಲ್ಲ" ಅಂದ ಸೂರ್ಯಕಾಂತ, ಎದ್ದು ನಿಂತು. "ಈ ಮಾಡೆಲ್ ಹುಟ್ಟಿ ಎರಡು ವರ್ಷ ಆಗ್ಯಾವ. ಎರಡು ವರ್ಷದ ಕೂಸಿನ ಐದನೇ ವರ್ಷದ ಹುಟ್ಟುಹಬ್ಬಕ್ಕ ಹೋಗಿದ್ದೆ ಅಂತ ಯಾವನರೆ ಹೇಳಿದ್ರ ಅವನ್ನ ಪೊಲೀಸರಿಗೆ ಹಿಡಕೊಡ್ರಿ. ಎಲ್ಲಿಗೆ ಹೋದ್ರೂ ಇದೇ ಹಾಡು. ಒಬ್ಬಾಂವ ಅನುಭವ ಕಡಿಮಿ ಅಂತಾನ, ಒಬ್ಬಾಂವ ಭಾಳ ಆತು ಅಂತಾನ. ಕೆಲಸ ಬರೋ ಮನಶ್ಯಾನ ಮುಂದ ಕೂಡಿಸಿಕೊಂಡು ದಿಲ್ಲಿ ಹತ್ತತದೇನು ಅಂತ ಕೇಳ್ತೀರಿ. ನಾಚಿಗಿ ಬ್ಯಾಡೇನ್ರಿ? ಈ ಕುರ್ಚಿ ಮ್ಯಾಲ ಕುಂತಾಂವಗ ಮರ್ಯಾದಿ ಇರಂಗಿಲ್ಲೇನು?"

ಗೋದಾಮಿನಲ್ಲಿ ಹಮಾಲರು ಚೀಲ ಒಗೆಯುವುದನ್ನು ನಿಲ್ಲಿಸಿದರು. ಇನ್ನು ಕುತ್ತಿಗೆಗೆ ಕೈ ಹಾಕಿ ಹೊರಗೆ ನೂಕುತ್ತಾರೆ ಎಂದುಕೊಂಡು ಸೂರ್ಯಕಾಂತ ತಾನೇ ಬಾಗಿಲ ಕಡೆ ತಿರುಗಿದ.

"ನಿಂದರ್ರಿ" ಎಂದರು ಸಂಗಪ್ಪ ಸಾವಕಾರರು. ಅವರ ನಿದ್ದೆಗಣ್ಣು ಪೂರ್ತಿ ತೆರೆದಿತ್ತು. ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಸರಿಸಿ ಅವನನ್ನು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಒಪ್ಪಿದವರ ಹಾಗೆ ನೋಡಿದರು. "ಇಂಥ ಮನಶ್ಯಾನೇ ಬೇಕಿತ್ತು ನಮಗ. ತುಳಜಾರಾಮ, ಇವರಿಗೆ ಕುರ್ಚಿ ಹಾಕ್ರಿ."

ತುಳಜಾರಾಮ ಕಬ್ಬಿಣದ ಕುರ್ಚಿಯನ್ನು ಒರೆಸಲು ಹೋದ.

"ಅಲ್ಲಿ ಅಲ್ಲ. ಇಲ್ಲಿ, ನನ್ನ ಬಾಜೂಕ."

ಸೂರ್ಯಕಾಂತ ಮೇಜನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ ಕುಳಿತ. ಅದು ಬೆತ್ತದ ಕುರ್ಚಿ, ಮೇಲೊಂದು ದಿಂಬು. ಎದುರಿಗೆ ಚಹಾ ಬಂತು, ಬಿಸ್ಕೀಟು ಬಂತು. ಹೈದರಾಬಾದಿನ ತಜ್ಞರಿಗೆಂದು ತರಿಸಿದ್ದ ಶಾಲನ್ನು ಸಾವಕಾರರೇ ಎದ್ದು ಅವನಿಗೆ ಹೊದಿಸಿದರು. "ಉಳಿದವರನ್ನ ನೀವೇ ನೋಡ್ರಿ ಸಾಹೇಬ್ರ. ಮುಲಾಜಿ ಬ್ಯಾಡ. ಕಾಗದದ ಮ್ಯಾಲ ಕರದೀವಂದ ಮ್ಯಾಲ ಕೇಳಿ ಕಳಸಬೇಕಲ್ಲ" ಎಂದರು.

ಸೂರ್ಯಕಾಂತನಿಗೆ ಎಲ್ಲ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದುಕೊಂಡ. ಕೆಲಸ ತನ್ನದಾಗಿದೆ, ಉಳಿದದ್ದು ಬರೀ ಶಾಸ್ತ್ರ. ಮಂಠಾಳದ ತಕ್ಕಡಿ ಕಣ್ಣ ಮುಂದಿನಿಂದ ಮಸುಕಾಗಿ ದೂರ ಸರಿಯಿತು.

ಅವನು ಶಾಸ್ತ್ರವನ್ನು ಸರಳವಾಗಿ ಮುಗಿಸಬಹುದಿತ್ತು. ಆದರೆ ಆ ಬೆತ್ತದ ಕುರ್ಚಿಯಲ್ಲಿ ಏನೋ ಇತ್ತು. ಬಹಳ ದಿನ ಬೈಸಿಕೊಂಡವನ ಬಾಯಲ್ಲಿ ಬೈಗುಳ ಎಷ್ಟು ಸಲೀಸಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮೊದಲು ಬಂದವನಿಗೆ ನಾಲ್ಕು ವರ್ಷದ ಅನುಭವವಿತ್ತು. "ಹಳೇ ಯಂತ್ರದ್ದು" ಅಂದ. ಎರಡನೆಯವನು ಮೇಷ್ಟರಾಗಿದ್ದವನು; "ವಯಸ್ಸು ಜಾಸ್ತಿಯಾಯಿತು" ಅಂದ. ಆ ಮನುಷ್ಯ ಅವನಿಗಿಂತ ಚಿಕ್ಕವನಿದ್ದ. ಒಬ್ಬೊಬ್ಬರು ತಲೆ ತಗ್ಗಿಸಿ ಹೋದ ಹಾಗೆಲ್ಲ ಸೂರ್ಯಕಾಂತನ ಎದೆಯ ಮೇಲಿನ ಕಲ್ಲೊಂದು ಇಳಿಯುತ್ತಿತ್ತು. ಸಾವಕಾರರು ಪ್ರತಿ ಸಲವೂ ತೃಪ್ತಿಯಿಂದ ತಲೆದೂಗುತ್ತಿದ್ದರು.

ಬಂಡೆಪ್ಪ ಒಳಗೆ ಬಂದು ಶಾಲು ಹೊದ್ದ ಸೂರ್ಯಕಾಂತನನ್ನು ಕಂಡು ಹಲ್ಲು ಕಿಸಿದ. "ಅಣ್ಣಾ, ನೀವು ಅಲ್ಲಿ ಹ್ಯಾಂಗ?"

"ಇಲ್ಲಿ ಅಣ್ಣ ತಮ್ಮ ಇಲ್ಲ. ಕಂಪ್ಯೂಟರ್ ಅಂದ್ರ ಏನು?"

"ನೆನಪಿರ್ತದ, ಬುದ್ಧಿ ಇರಂಗಿಲ್ಲ. ನೀವೇ ಹೇಳಿದ್ರಲ್ರಿ, ಬಸ್ಸಿನ್ಯಾಗ."

ನಿರ್ದೇಶಕರು ನಕ್ಕರು. ಸೂರ್ಯಕಾಂತನ ಕಿವಿ ಕೆಂಪಾಯಿತು. ಅವನು ಬಂಡೆಪ್ಪನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟ. "ಮುಂದಿನವರು."

ಮುಂದಿನವಳು ತಾಹೇರಾ. ಅವಳು ನಗಲಿಲ್ಲ, ಅಂಜಲೂ ಇಲ್ಲ. ತೋಳಿನ ಮೇಲೆ ನಾಣ್ಯದ ಬಟ್ಟೆ ಹಾಗೇ ಇತ್ತು. ಸೂರ್ಯಕಾಂತ ತನ್ನ ತೋಳನ್ನು ಶಾಲಿನೊಳಗೆ ಎಳೆದುಕೊಂಡ.

"ಸಾವಿರ ರೈತರು ತೊಗರಿ ತಂದಾರ. ಎಲ್ಲಾರಕಿಂತ ಹೆಚ್ಚು ತಂದಾಂವ ಯಾರು ಅಂತ ಕಂಪ್ಯೂಟರಿಗೆ ಹುಡುಕಾಕ ಹ್ಯಾಂಗ ಹೇಳ್ತಿ?"

ಮುಂಬಯಿಯಲ್ಲಿ ಹೊಸದಾಗಿ ಸೇರಿದವರಿಗೆ ಅವನು ಕೇಳುತ್ತಿದ್ದ ಪ್ರಶ್ನೆ ಅದು. ಬಹಳ ಜನ ತಡವರಿಸುತ್ತಿದ್ದರು.

ತಾಹೇರಾ ಕ್ಷಣ ಯೋಚಿಸಿ, "ಮೊದಲನೇದಾಂವಂದೇ ಹೆಚ್ಚು ಅಂತ ಹಿಡಿಯೂದ್ರಿ" ಅಂದಳು. "ಆಮ್ಯಾಲ ಮುಂದಿನಾಂವನ ಜೋಡಿ ಹೋಲಿಸೂದು. ಅವಂದು ಹೆಚ್ಚಿದ್ರ ಇವನ್ನ ಬಿಟ್ಟು ಅವನ್ನ ಹಿಡಿಯೂದು. ಕಡೀತನಕ ಹಿಂಗೇ. ಕಡೀಗಿ ಕೈಯಾಗ ಯಾರು ಉಳೀತಾರ, ಅವರೇ."

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸೂರ್ಯಕಾಂತನಿಗೆ ಒಂದು ಗಳಿಗೆ, ತನ್ನ ಹಳೆಯ ವಿಭಾಗದಲ್ಲಿ ಕುಳಿತಿದ್ದೇನೆ ಎನ್ನಿಸಿತು. ಇವಳು ಕೆಲಸ ಬಲ್ಲವಳು. ಇನ್ನೆರಡು ಪ್ರಶ್ನೆ ಕೇಳಿದ; ಎರಡಕ್ಕೂ ಸರಿಯಾದ ಉತ್ತರ ಬಂತು. ಸಾವಕಾರರು ತಲೆದೂಗುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡತೊಡಗಿದರು. ಆ ನೋಟದಿಂದ ಸೂರ್ಯಕಾಂತನಿಗೆ ದಿಗಿಲಾಯಿತು. ಇವಳು ಪಾಸಾದರೆ ತನ್ನ ಗತಿ?

"ಅನುಭವ?" ಎಂದು ಕೇಳಿದ.

"ಇಲ್ರಿ. ಯಾರಾದ್ರೂ ಒಮ್ಮೆ ಕೆಲಸ ಕೊಟ್ರ ತಾನೇ ಅನುಭವ ಬರೂದು?"

ಇದೇ ಮಾತನ್ನು ಅವನು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮುಂಬಯಿಯ ಯಾವುದೋ ಮೇಜಿನ ಮುಂದೆ ಆಡಿದ್ದ. ಆ ಮೇಜಿನವನು ನಕ್ಕು ಕೆಲಸ ಕೊಟ್ಟಿದ್ದ.

"ಬರೀ ಪುಸ್ತಕದ ಮಾತು" ಅಂದ ಸೂರ್ಯಕಾಂತ. "ಮುಂದಿನವರು."

ತಾಹೇರಾ ಎದ್ದಳು. ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿ ಮುಚ್ಚಿದಳು. ಸಾವಕಾರರು ಉಸಿರು ಬಿಟ್ಟು ಎಲೆಯಡಿಕೆಯ ಡಬ್ಬಿಯನ್ನು ಅವನ ಕಡೆ ಸರಿಸಿದರು.

ಕೊನೆಯವನು ದೇವಿಂದ್ರಪ್ಪ. ಬೂಟು ಹಾಕಿಕೊಂಡೇ ಒಳಗೆ ಬಂದು, ಹೇಳುವ ಮೊದಲೇ ಕುಳಿತು, ಕಾಲ ಮೇಲೆ ಕಾಲು ಹಾಕಿದ. ತುಳಜಾರಾಮ ಸೂರ್ಯಕಾಂತನ ಕಿವಿಯಲ್ಲಿ, "ಸಾವಕಾರ್ರ ಹೆಂಡ್ತಿ ತಮ್ಮ" ಎಂದು ಉಸುರಿದ. ಸೂರ್ಯಕಾಂತ ಸಾವಕಾರರ ಕಡೆ ನೋಡಿದ.

"ನನ್ನ ಮಾರಿ ಯಾಕ ನೋಡ್ತೀರಿ?" ಅಂದರು ಸಾವಕಾರರು. "ನ್ಯಾಯ ಅಂದ ಮ್ಯಾಲ ಭಾವ ಯಾರು, ಮೈದುನ ಯಾರು? ಇನ್ನೂ ಜೋರಾಗಿ ಕೇಳ್ರಿ."

ಎಂಥ ಧರ್ಮಾತ್ಮ ಎಂದು ಸೂರ್ಯಕಾಂತನ ಕಣ್ಣು ತುಂಬಿ ಬಂತು. "ಕಂಪ್ಯೂಟರಿನಾಗ ಎಷ್ಟು ಭಾಗ ಇರ್ತಾವ?" ಎಂದು ಕೇಳಿದ.

"ಮೂರು" ಅಂದ ದೇವಿಂದ್ರಪ್ಪ. "ಮಷಿನ್, ವೈರ್, ಬಟ್ಟಿ."

"ಬಟ್ಟಿ?"

"ಮ್ಯಾಲ ಹೊಚ್ಚಿರ್ತಾರಲ್ರಿ. ಅಕ್ಕಾನೇ ಹಾಕ್ಯಾಳ ಕಸೂತಿ."

ಸೂರ್ಯಕಾಂತ ಅವನನ್ನು ಹಿಂಡಿ, ಒಗೆದು, ಬಿಸಿಲಿಗೆ ಹರವಿದ. ನಿನ್ನಂಥವನನ್ನು ಈ ಯಂತ್ರದ ಹತ್ತಿರ ಬಿಟ್ಟರೆ ಸಂಘದ ತೊಗರಿಯೆಲ್ಲ ಹುಳುವಿಗೇ ಹೋಗುತ್ತದೆ ಅಂದ. ದೇವಿಂದ್ರಪ್ಪ ಎಲ್ಲವನ್ನೂ ಊಟದ ಪದಾರ್ಥದ ಹೆಸರು ಕೇ‍ಳುವವನಂತೆ ಆರಾಮವಾಗಿ ಕೇಳಿ, ನಮಸ್ಕಾರ ಮಾಡಿ ಹೊರಗೆ ಹೋದ.

ಮಧ್ಯಾಹ್ನದ ಊಟಕ್ಕೆ ಸಾವಕಾರರ ಮನೆಯಿಂದಲೇ ಬುತ್ತಿ ಬಂತು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಿಂಡಿ, ಮೊಸರು. ಸೂರ್ಯಕಾಂತನಿಗೆ ಮೊದಲು ಬಡಿಸಿದರು. ಊಟವಾಗಿ, ಕೈತೊಳೆದು, ಎಲ್ಲರೂ ಮತ್ತೆ ಮೇಜಿನ ಸುತ್ತ ಕುಳಿತ ಮೇಲೆ ಸಾವಕಾರರು ಗಂಟಲು ಸರಿಮಾಡಿಕೊಂಡರು.

"ನಮ್ಮ ಸಂಘದ ಪದ್ಧತಿ ನಿಮಗ ಗೊತ್ತಿಲ್ಲ, ಸಾಹೇಬ್ರ. ಇಲ್ಲಿ ಏನಿದ್ರೂ ಕೈ ಎತ್ತಿ ತೀರ್ಮಾನ ಮಾಡೂದು. ಗೋದಾಮಿಗೆ ಬೀಗ ತರೂದಿದ್ರೂ ಕೈ ಎತ್ತಬೇಕು. ಇವತ್ತ ನೀವು ಮೇಜಿನ ಈ ಕಡಿ ಕುಂತೀರಿ, ನಿಮ್ಮ ಕೈನೂ ಬೇಕು." ಅವರು ಸುತ್ತ ನೋಡಿದರು. "ಇವತ್ತ ನೌಕರಿಗಂತ ಬಂದವರೊಳಗ ಲಾಯಕ್ ಇರೋರು ಒಬ್ಬರೂ ಇಲ್ಲ. ಹೌದು ಅನ್ನೋರು ಕೈ ಎತ್ತರಿ."

ನಿರ್ದೇಶಕರ ಮೂರೂ ಕೈ ಒಟ್ಟಿಗೆ ಎದ್ದವು. ಎಷ್ಟೋ ವರ್ಷಗಳ ಅಭ್ಯಾಸ. ತುಳಜಾರಾಮನದು ಎದ್ದಿತು. ಸೂರ್ಯಕಾಂತ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ. ಎತ್ತಿದ ರಭಸಕ್ಕೆ ಶಾಲು ಜಾರಿ ಬಿತ್ತು.

"ಸರ್ವಾನುಮತ" ಅಂದರು ಸಾವಕಾರರು.

ಸೂರ್ಯಕಾಂತ ಶಾಲನ್ನು ಎತ್ತಿ ಮಡಚಿಕೊಂಡು, ಹಸನ್ಮುಖಿಯಾಗಿ ಕುಳಿತು ಕಾದ. ಒಬ್ಬ ನಿರ್ದೇಶಕ ಚಪ್ಪಲಿ ಹುಡುಕತೊಡಗಿದ.

"ಹಂಗಾದ್ರ" ಎಂದು ಸೂರ್ಯಕಾಂತನೇ ಸಂಕೋಚದಿಂದ ಶುರು ಮಾಡಿದ, "ನಾನು ಯಾವತ್ತಿನಿಂದ ಬರಲ್ರಿ?"

"ಎಲ್ಲಿಗೆ?"

"ಕೆಲಸಕ್ಕ."

ಸಾವಕಾರರು ನಿಜವಾಗಿಯೂ ಆಶ್ಚರ್ಯಪಟ್ಟರು. "ನೀವೂ ಇವತ್ತ ನೌಕರಿಗಂತನೇ ಬಂದವರಲ್ಲೇನ್ರಿ? ಬಂದವರೊಳಗ ಒಬ್ಬರೂ ಲಾಯಕ್ ಇಲ್ಲ ಅಂತ ಈಗ ನೀವೇ ಕೈ ಎತ್ತಿದ್ರಲ್ಲ. ಎಲ್ಲಾರಕಿಂತ ಮ್ಯಾಲ ಎತ್ತಿದ್ರಿ."

"ನಾ ಉಳದವರ ಬಗ್ಗೆ ಎತ್ತಿದ್ದು."

"ಕೈಗೆ ಅದೆಲ್ಲಾ ಗೊತ್ತಿರಂಗಿಲ್ರಿ. ಸರ್ವಾನುಮತದ ಠರಾವು ಮುರಿಯಾಕ ನನಗೂ ಅಖ್ತಿಯಾರ್ ಇಲ್ಲ."

"ಮತ್ತ ಕೆಲಸ ಯಾರು ಮಾಡ್ತಾರ?"

ಉತ್ತರ ಕೊಟ್ಟವನು ತುಳಜಾರಾಮ. ಲಾಯಕ್ ಉಮೇದವಾರ ಸಿಗದಿದ್ದರೆ ಅಧ್ಯಕ್ಷರು ತಮಗೆ ಬೇಕಾದವರನ್ನು ಟೆಂಪರರಿ ಇಟ್ಟುಕೊಳ್ಳಬಹುದು ಎಂದು ಸಂಘದ ಕಾನೂನು. ಟೆಂಪರರಿಯವರು ಲಾಯಕ್ ಇರಬೇಕೆಂದು ಮಾತ್ರ ಯಾವ ಕಾನೂನಿನಲ್ಲೂ ಇಲ್ಲ. ಗಾಜಿನ ಕೋಣೆಯಲ್ಲಿ ದೇವಿಂದ್ರಪ್ಪ ಆಗಲೇ ಬೂಟುಗಾಲಿನಲ್ಲಿ ನಿಂತು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಚುತ್ತಿದ್ದ.

ಸೂರ್ಯಕಾಂತನಿಗೆ ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದ ಸಿಟ್ಟು ಈಗ ಬೇಕಾದಾಗ ಒಲೆಯಲ್ಲಿ ಹಸಿ ಕಟ್ಟಿಗೆಯಂತೆ ಹೊಗೆಯಾಡಿತಷ್ಟೇ. "ಇದು ಮೋಸ" ಅಂದ ಕಡೆಗೆ.

"ಮೋಸ ಯಾಕ್ರಿ? ತಜ್ಞರು ಬರಲಿಲ್ಲಂದಾಗ ನನಗ ಭಾಳ ಫಿಕರ್ ಆಗಿತ್ತು" ಎಂದು ಸಾವಕಾರರು ಮನಸ್ಸು ಬಿಚ್ಚಿದರು. "ನೀವು ಎದ್ದು ನಿಂತು ಬೈದ್ರಿ ನೋಡ್ರಿ, ನನಗ ಸಮಾಧಾನ ಆತು. ತಣ್ಣನ ಮನಶ್ಯಾನ್ನ ಇಲ್ಲಿ ಕೂಡಿಸಿದ್ರ ಯಾರನ್ನಾದ್ರೂ ಒಬ್ಬರನ್ನ ಪಾಸ್ ಮಾಡಿಬಿಡ್ತಾನ. ಅದಕ್ಕ ಸಿಟ್ಟಿನ ಮನಶ್ಯಾನೇ ಬೇಕು." ಅವರು ಎದ್ದು ಟೋಪಿ ಸರಿಮಾಡಿಕೊಂಡರು. "ಆದ್ರ ಖರೇ ಹೇಳ್ತೀನಿ, ಆ ಹುಡುಗಿ ಬಂದಾಗ ನನ್ನ ಎದಿ ಧಸಕ್ ಅಂದಿತ್ತು. ಆಕಿ ಹುಷಾರಿ ಅದಾಳ ಅಂತ ನನಗೂ ತಿಳೀತು. ಆಕಿನ್ನ ನೀವು ಪಾಸ್ ಮಾಡಿದ್ರ ನನ್ನ ಕೈ ಕಟ್ಟಿ ಹೋಗ್ತಿತ್ತು. ಯಾಕ ಫೇಲ್ ಮಾಡಿದ್ರಿ ಅನ್ನೂದು ನನಗ ಇನ್ನೂ ತಿಳದಿಲ್ಲ ನೋಡ್ರಿ."

ಸೂರ್ಯಕಾಂತ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ದೇವಿಂದ್ರಪ್ಪ ಗಾಜಿನ ಕೋಣೆಯಿಂದ ತಲೆ ಹೊರಗೆ ಹಾಕಿದ. "ಸಾಹೇಬ್ರ, ಇದು ಚಾಲೂ ಮಾಡೂ ಗುಂಡಿ ಎಲ್ಲದರಿ? ಮುಂದ ಹುಡುಕೀನಿ, ಸಿಗವಲ್ದು."

ಹನ್ನೆರಡು ವರ್ಷದ ಅನುಭವವಿದ್ದ ಬಾಯಿ ತನ್ನ ಯಜಮಾನನನ್ನು ಕೇಳದೆ ತಾನೇ ಉತ್ತರ ಕೊಟ್ಟಿತು: "ಹಿಂದ ಅದ. ಬಲಕ್ಕ."

ಬಸ್ ನಿಲ್ದಾಣದಲ್ಲಿ ಬಂಡೆಪ್ಪ ಮೂತಿ ಊದಿಸಿಕೊಂಡು ದೂರದ ಕಲ್ಲಿನ ಮೇಲೆ ಕುಳಿತಿದ್ದ. ಬಸ್ಸು ಬಂದಾಗ ಅವನು ಕಟ್ಟಕಡೆಯ ಸೀಟಿಗೆ ಹೋದ. ಉಳಿದದ್ದು ತಾಹೇರಾಳ ಹಿಂದಿನ ಸೀಟೊಂದೇ. ಸೂರ್ಯಕಾಂತ ಶಾಲನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಅಲ್ಲಿ ಕುಳಿತ. ಬಸ್ಸು ಊರು ಬಿಡುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ತಿರುಗಿದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಮುಬಾರಕ್, ಮಾಮಾ."

ಅವನು ತಲೆ ತಗ್ಗಿಸಿದ.

"ನನಗ ಸಿಟ್ಟು ಬಂದದ, ಸುಳ್ಳು ಯಾಕ ಹೇಳಲಿ. ಮೂರೂ ಉತ್ತರ ಬರೋಬರಿ ಇದ್ವು. ನಿಮಗೂ ಗೊತ್ತದ, ನನಗೂ ಗೊತ್ತದ. ಅಮ್ಮೀಗಿ ಏನಂತ ಹೇಳಲಿ ಅಂತ ಇಷ್ಟೊತ್ತು ವಿಚಾರ ಮಾಡಾಕತ್ತಿದ್ದೆ." ಅವಳು ಸ್ವಲ್ಪ ತಡೆದಳು. "ಅನುಭವ ಇಲ್ಲ ಅಂದ್ರಲ್ಲ, ಆತು. ನಿಮ್ಮ ಕೈಕೆಳಗ ಆರು ತಿಂಗಳ ಪಗಾರ ಇಲ್ದ ಕೆಲಸ ಮಾಡ್ತೀನಿ. ಇದಕ್ಕೂ ಇಲ್ಲ ಅನಬ್ಯಾಡ್ರಿ. ನಾಳಿಂದ ನಿಮ್ಮ ಜೋಡಿ ಬರಲಾ?"

ಸೂರ್ಯಕಾಂತ ಮಡಿಲಿನ ಶಾಲನ್ನು ಇನ್ನಷ್ಟು ಮುದ್ದೆ ಮಾಡಿದ.

"ನಾಳಿ ನಾ ಮಂಠಾಳಕ್ಕ ಹೊಂಟೀನಿ" ಅಂದ.

"ಅಲ್ಲೂ ಕಂಪ್ಯೂಟರ್ ಬಂದದೇನ್ರಿ?"

"ಇಲ್ಲವ್ವಾ. ತಕ್ಕಡಿ ಅದ."